ಒರೆಯಿಲ್ಲದೆ ಬಂದದ್ದು

ಬುರ್ಸಾದ ರೇಷ್ಮೆಪೇಟೆಯ ಹಿಂದಿನ ಓಣಿ,
ಸಾಬಿತ್ ಉಸ್ತಾದನ ಅಂಗಡಿಯ ಅಟ್ಟ. ಗುರುವಾರ ಸಂಜೆ
ನಾವು ನಾಲ್ವರು, ಒಂದು ಭೂತಗನ್ನಡಿ, ಕರೀ ಚಹಾ.

ನೆಜಿಹೆ ಎಂಬಾಕೆ ಬಂದಳು.
ಹಳೇ ಪತ್ರಿಕೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟಳು,
ಮೀನು ಇಟ್ಟ ಹಾಗೆ.

ಒರೆಯಿಲ್ಲದೆ ಬಂದ ಚೂರಿ.
ಒರೆಗೆ ಹಚ್ಚಲು ಕೂತೆವು.

ಲುತ್ಫುಲ್ಲಾ ಮೊದಲು ಮೂಸಿದ, ಅವನು ಕಬ್ಬಿಣವನ್ನೂ ಮೂಸುತ್ತಾನೆ.
ಹಿಡಿ ಎಮ್ಮೆಕೊಂಬು, ಮೂರು ಹಿತ್ತಾಳೆ ಮೊಳೆ,
ಅಲಗಿನ ಬೆನ್ನಿಗೆ ಬೆಳ್ಳಿತಂತಿಯ ಬಳ್ಳಿ, ಅರ್ಧ ಉದುರಿ.
ಮುದ್ರೆಯಲ್ಲಿ 'ಇಂಥವನ ಕೆಲಸ' ಅನ್ನುವುದರಲ್ಲಿ
ಕೆಲಸ ಉಳಿದಿದೆ,
ಇಂಥವನು ಸವೆದಿದ್ದಾನೆ.

"ಆಮ್ಲ ಕುಡಿಸಿ ಮುದಿಮಾಡಿದ್ದಿರಬಹುದು"
ಎಂದ ಹಲ್ಲಿನ ಡಾಕ್ಟರು ಫೆರಿದುನ್.
"ಸುಳ್ಳು ತುಕ್ಕು ಎಲ್ಲ ಕಡೆ ಒಂದೇ ಸಮ.
ಇದು ನೋಡು, ಬೇಕಾದಲ್ಲಿ ಮಾತ್ರ ಕೂತಿದೆ" ಎಂದ ಉಸ್ತಾದ.

ಸಾಣೆ ಕಂಡೂ ಕಂಡೂ ಅಲಗು
ಅಮಾವಾಸ್ಯೆಯ ಹಿಂದಿನ ದಿನದ ಚಂದ್ರ.
"ಇಷ್ಟು ಮಸೆದು ಅರ್ಧ ಬೆಲೆ ಕಳೆದಿರಿ."
"ಮಸೆಯದೆ ಈರುಳ್ಳಿ ಹೆಚ್ಚೋದು ಹೇಗೆ?"
ಅಂದಳು. ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

ಉಸ್ತಾದ ಬಲಗೈಯಲ್ಲಿ ಹಿಡಿದು ನೋಡಿದ. ಕೂರಲಿಲ್ಲ.
ಕೊಂಬಿನಲ್ಲಿ ಹೆಬ್ಬೆರಳು ಕೊರೆದ ತಗ್ಗು
ಆಚೆ ಬದಿಗಿತ್ತು.
ಎಡಗೈಗೆ ಬದಲಿಸಿದ. ಕೂತಿತು,
ಬಾಗಿಲು ತೆಗೆದ ಹಾಗೆ.

ನೆಜಿಹೆ ಚಹಾದ ಲೋಟ ಎತ್ತಿದ್ದಳು,
ಎಡಗೈಯಲ್ಲಿ.

ಸ್ವಲ್ಪ ಹೊತ್ತು ಯಾರೂ ಬೆಲೆ ಹೇಳಲಿಲ್ಲ.
ಆಮೇಲೆ ಫೆರಿದುನ್ ಹೇಳಿದ,
ಕಡಿಮೆಯೇ ಹೇಳಿದ.

ಆಕೆ ಪತ್ರಿಕೆ ಬಿಡಿಸಿ, ನೀವಿ,
ಮತ್ತೆ ಸುತ್ತತೊಡಗಿದಳು ಮಡಿಕೆಯ ಮೇಲೆ ಮಡಿಕೆ,
ನಮ್ಮ ಕಣ್ಣೆದುರೇ
ಒರೆ ಹೊಲಿಯುವವಳ ಹಾಗೆ.