ಹನ್ನೆರಡು ಹುಲ್ಲುಕಡ್ಡಿ

ಕುವೊಪಿಯೊದ ಮೂರನೇ ಮಹಡಿ, ಒಂದೇ ಕೋಣೆ.
ಇರ್ಮೆಲಿ ಮೊನ್ನೆಯಷ್ಟೇ
ಪಿಂಗಾಣಿ ಹಂಸಗಳನ್ನು ಕೊಟ್ಟುಬಿಟ್ಟಳು,
ಹನ್ನೊಂದು, ಒಂದಕ್ಕೆ ಕೊಕ್ಕಿರಲಿಲ್ಲ.
ಒಯ್ದವಳು ಕೆಳಮನೆಯ ಸಿಲ್ಯಾ;
ಈಗ ಅವಳ ಕಿಟಕಿ ತೆರೆಯುವುದಿಲ್ಲ.

ಹಬ್ಬ ಬಂತು, ಗೋಡೆ ನೋಡಿದರೆ ಬೋಳು ಬೋಳು
ಎನ್ನುತ್ತಲೇ ಬಂದ ತಮ್ಮ ತೌನೊ,
ಕಂಕುಳಲ್ಲಿ ಚೌಕಟ್ಟು ಹಾಕಿಸಿದ ಸರೋವರ.
ಸರೋವರ ಕಿಟಕಿಯಾಚೆಯೇ ಇದೆಯಲ್ಲೋ,
ಗಾಜು ಒರೆಸಿದರಾಯಿತು
ಎಂದು ಅವನ ಕೈಗೇ ಬಟ್ಟೆ ಕೊಟ್ಟಳು.

ಆಮೇಲೆ ಕತ್ತರಿ, ಕೆಂಪು ದಾರ,
ಸುಗ್ಗಿಯಲ್ಲಿ ಎತ್ತಿಟ್ಟಿದ್ದ ರೈ ಹುಲ್ಲು.
ಕಡ್ಡಿಗೆ ಕಡ್ಡಿ ಪೋಣಿಸಿ
ಹನ್ನೆರಡಾದರೆ ಒಂದು ಮನೆ,
ಒಳಗೆ ಏನನ್ನೂ ಇಡಲಾಗದ ಮನೆ.
ಅಂಥವು ಏಳೆಂಟನ್ನು ಒಂದಕ್ಕೊಂದು ಕಟ್ಟಿ
ಮೇಜಿನ ಮೇಲಲ್ಲ,
ಮೇಜಿನ ಮೇಲಿನ ಗಾಳಿಯಲ್ಲಿ ತೂಗಬಿಟ್ಟಳು.
ಆ ಜಾಗವನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಸಾರಿನ ಹಬೆ ಏರಿದರೆ ತಿರುಗುತ್ತದೆ.
ತೌನೊ ನಿಟ್ಟುಸಿರಿಟ್ಟರೂ ತಿರುಗುತ್ತದೆ.
ಬೋಳುಗೋಡೆಯ ಮೇಲೆ ಅದರ ನೆರಳು,
ಧೂಳು ಹೊಡೆಯಬೇಕಿಲ್ಲದ ಚಿತ್ರ.

ಎಷ್ಟು ದಿನ ಇರುತ್ತೆ ಇದು? ಕೇಳಿದ.
ಜೂನ್‌ವರೆಗೆ. ಆಮೇಲೆ ಸೌನಾದ ಒಲೆಗೆ.

ಕೊನೆಯ ಬಸ್ಸಿನಲ್ಲಿ
ಪಕ್ಕದ ಸೀಟಿನ ಮೇಲೆ ಸರೋವರವನ್ನು ಕೂರಿಸಿಕೊಂಡು
ತೌನೊ ಊರಿಗೆ ಹೊರಟ.