ಇಪ್ಪತ್ತು ಸೆಕೆಂಡಿಗೊಮ್ಮೆ

ವೋರು ಪಟ್ಟಣದ ಶಾಲೆ. ನಾಲ್ಕನೇ ತರಗತಿ. ಭಿನ್ನರಾಶಿ.
ಜನವರಿಯ ಬೆಳಗು, ಎಂಟೂವರೆಯಾದರೂ ಹೊರಗೆ ಕತ್ತಲೆ.
ಕಡೆಯ ಬೆಂಚಿನ ಹಿಂದೆ, ಮಕ್ಕಳ ಕುರ್ಚಿಯಲ್ಲಿ
ಮೊಣಕಾಲಿಗೆ ಗದ್ದ ತಾಗಿಸಿಕೊಂಡು ನಾನು.

ಇಪ್ಪತ್ತು ಸೆಕೆಂಡಿಗೊಮ್ಮೆ ಕಿವಿಯಲ್ಲಿ ಟಿಕ್.
ತಲೆಯೆತ್ತಿ ಒಂದು ಮಗುವನ್ನು ನೋಡಬೇಕು,
ಗುರುತು ಹಾಕಬೇಕು:
ಒಳಗಿದೆ. ಹೊರಗಿದೆ. ಹೇಳಲಾಗದು.
‘ಹೇಳಲಾಗದು’ ಹೆಚ್ಚು ಬೇಡ ಎಂದಿದ್ದಾರೆ
ತಾರ್ತುವಿನ ಆಫೀಸಿನವರು.

ಹದಿನೇಳು ಮಣಿಕಟ್ಟು, ಹದಿನೇಳು ಬೂದು ಪಟ್ಟಿ.
ಬೆವರಿನ ಲೆಕ್ಕ, ನಾಡಿಯ ಲೆಕ್ಕ.
ಹೀಟರಿನ ಮೇಲೆ ಸಾಲಾಗಿ ಒದ್ದೆ ಕೈಗವಸು,
ಕೋಣೆಯೆಲ್ಲ ಉಣ್ಣೆಯ ನಾತ.

ಲೇಲೊ ಎಂಬವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು.
ಎಂಟು ಐವತ್ತೆರಡಕ್ಕೆ ಅವಳ ಗೆರೆ
ಜಿಗಿದು ಪರದೆಯ ತುದಿ ಮುಟ್ಟಿತು.
‘ತೀವ್ರ ಚಿಂತನೆ’ ಎಂದು ಬರೆದು ಅಡಿಗೆರೆ ಎಳೆದೆ.
ಬಿಡುವಿನಲ್ಲಿ ಬಂದು ಅಂಗೈ ಬಿಚ್ಚಿದಳು:
ಜೋಳದ ಕಾಳಿನಷ್ಟು ಹಲ್ಲು,
ಬುಡದಲ್ಲಿ ಒಂದೆಳೆ ಕೆಂಪು.
ಪಾಠದುದ್ದಕ್ಕೂ ನಾಲಿಗೆ ಅದನ್ನೇ ನೂಕುತ್ತಿತ್ತಂತೆ.

ಊಕು ಮಾತ್ರ ಕಿಟಕಿಯ ಕಡೆಗೇ.
ಹೊರಗಿದೆ. ಹೊರಗಿದೆ. ಹೊರಗಿದೆ.
ಏನಿತ್ತು ಅಲ್ಲಿ? ಹಿಮ ಗೋರುವ ಗಾಡಿಯ
ಹಳದಿ ದೀಪವೊಂದು ಬಂತು, ಹೋಯಿತು.
ಆಮೇಲೆ ಬರೀ ಕಪ್ಪು ಗಾಜು.
ಗೆರೆ ನೆಲಕಚ್ಚಿತ್ತು. ಬ್ಯಾಟರಿ ಹೋಯಿತೇನೋ ಎಂದು
ಬಗ್ಗಿ ನಡೆದು ನೋಡಿ ಬಂದೆ. ಇತ್ತು.

ಗಂಟೆ ಹೊಡೆಯಿತು. ಪಟ್ಟಿ ಬಿಚ್ಚಲು ಕೈ ಹಿಡಿದರೆ
ಅವನ ಪುಸ್ತಕದ ಅಂಚಿನಲ್ಲಿ ಗೀಟುಗಳು,
ಐದೈದರ ಕಂತೆ ಕಟ್ಟಿದವು.
‘ಇದೇನು?’
‘ನೀವು.’
‘ನಾನು?’
‘ಗಾಜಿನಲ್ಲಿ ಕಾಣ್ತೀರಿ. ಕತ್ತಲೆ ಇರೋವರೆಗೆ.
ಗಡಿಯಾರ ನೋಡಿದ್ದು ಹನ್ನೊಂದು ಸಲ.
ಆಕಳಿಕೆ ನಾಲ್ಕು, ಒಂದನ್ನ ನುಂಗಿದ್ರಿ.
ಒಟ್ಟು ಮೂರರಲ್ಲಿ ಎರಡು ಪಾಲು ಇಲ್ಲೇ ಇದ್ರಿ,
ಒಂದು ಪಾಲು ಎಲ್ಲೋ.’

ಎಲ್ಲೋ ಅಲ್ಲ, ಊಕು.
ನಿನ್ನೆ ರಾತ್ರಿ ತಂಗಿ ಫೋನಿನಲ್ಲಿ
ಒಂದು ಮಾತು ಶುರು ಮಾಡಿ, ಬಿಡು ಅಂದಳು.
ಅದರ ಉಳಿದರ್ಧ ಹುಡುಕುತ್ತಿದ್ದೆ
ಈ ಪುಟ್ಟ ಕುರ್ಚಿಯಲ್ಲಿ.
ಇದನ್ನೇನೂ ನಾನು ಹೇಳಲಿಲ್ಲ.

‘ಆ ಹಾಳೆ ಕೊಡ್ತೀಯಾ?’
‘ಆಗಲ್ಲ. ಲೆಕ್ಕದ ಪುಸ್ತಕ ಇದು,
ಹೆಲ್ವೆ ಟೀಚರ್ ಇನ್ನೂ ತಿದ್ದಿಲ್ಲ.’

ಕಾರಿಡಾರಿನಲ್ಲಿ ಯಾರೋ ಬಿದ್ದರು, ಯಾರೋ ನಕ್ಕರು.
ಅವನು ಒಂದೇ ಚಪ್ಪಲಿಯಲ್ಲಿ ಓಡಿದ.
ಗಾಜು ಆಗಲೇ ಬೆಳ್ಳಗಾಗುತ್ತಿತ್ತು,
ಅದರಲ್ಲಿ ನಾನು ಅರ್ಧ, ಅಂಗಳದ ಬರ್ಚ್ ಮರ ಅರ್ಧ.