ಎಡಗೈ ಕಿರುಬೆರಳು

ಜಬೀನ ಹೊಸದು ಕೊಂಡಳು, ಹಳೆಯದು ನನ್ನ ಪಾಲಿಗೆ ಬಂತು.
ಹತ್ತಿಂಚಿನ ಪುಟಾಣಿ. ಮಡಿಸಿದರೆ
ರೇಷನ್ ಚೀಲದ ಮೂಲೆಯಲ್ಲಿ ಹಿಡಿಸಿಬಿಡುತ್ತದೆ.
‘ಸಂಘದ ಲೆಕ್ಕಕ್ಕೆ ಸಾಕಕ್ಕ, ಇಟ್ಕೋ’ ಅಂದಳು.
ಬ್ಯಾಟರಿ ಮುಕ್ಕಾಲು ಗಂಟೆ.
ಎಂಟು ಒತ್ತಿದರೆ ಎರಡೆರಡು ಎಂಟು ಬೀಳುತ್ತದೆ;
ಕಂತು ಕಟ್ಟಿದ ಎಂಟುನೂರು
ಕಣ್ಣು ಮಿಟುಕಿಸುವಷ್ಟರಲ್ಲಿ ಎಂಟುಸಾವಿರದ ಎಂಟುನೂರು.

ಅದನ್ನಾದರೂ ಸಹಿಸಬಹುದು.
ನಿಜವಾದ ತೊಂದರೆ ನನ್ನ ಬೆರಳಿನದು.
ಶಿಡ್ಲಘಟ್ಟದಲ್ಲಿ ಹತ್ತೊಂಬತ್ತು ವರ್ಷ
ಕುದಿನೀರಿನ ಬೇಸಿನ್ನಿಗೆ ಕೈಯಿಟ್ಟು
ಗೂಡಿನ ಮೈಮೇಲೆ ಎಳೆಯ ತುದಿ ಹುಡುಕಿದ ಬೆರಳು.
ಗೂಡಿನ ಜೊತೆಗೆ ನನ್ನ ಗೆರೆಗಳೂ ಬಿಚ್ಚಿಕೊಂಡು ಹೋದವು,
ಯಾರ ಸೀರೆಯ ಅಂಚಿಗೆ ಸೇರಿದವೋ.
ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ
ಎದುರಿಗೇ ನಿಂತ ನನ್ನನ್ನು ಮೂರು ಸಲ ಇಲ್ಲ ಅಂದಿತ್ತು.
ಈಗ ಇದೂ.

ಒತ್ತಿದೆ, ಸವರಿದೆ, ಸೆರಗಲ್ಲಿ ಒರೆಸಿ ಉಫ್ ಅಂದೆ.
ಪರದೆಯ ನಡುವೆ ಬಾಣ ನಿಂತೇ ಇತ್ತು,
ಬಿಡುವವರಿಲ್ಲದ ಮೇಲೆ ಅದನ್ನು ಬಾಣ ಅನ್ನುವುದೇಕೆ?

ಹತ್ತೂ ಬೆರಳನ್ನು ಸಾಲಾಗಿ ಕರೆದು ಪರೀಕ್ಷೆ ಮಾಡಿದೆ.
ಪಾಸಾದದ್ದು ಎಡಗೈ ಕಿರುಬೆರಳೊಂದೇ.
ಎಂದೂ ನೀರಿಗಿಳಿಯದೆ ದಡದಲ್ಲಿ ನಿಂತು
ಉಳಿದವರು ಬೇಯುವುದನ್ನು ನೋಡುತ್ತಿದ್ದದ್ದು ಅದು.
ಕೈಲಾಗದವಳೆಂದು ಅನ್ನಿಸಿಕೊಂಡ ಕಿರಿಸೊಸೆ
ಒಂದು ತಿಂಗಳು ಮನೆ ನಡೆಸಿದಳು, ಓರೆಯಾಗಿ, ನಾಚುತ್ತ.

ಅಷ್ಟರಲ್ಲಿ ಇನ್ನೊಂದು. ಟೈಪು ಮಾಡುವಾಗ
ಅಂಗೈ ತಾಗಿ ಕರ್ಸರು ಹಾರಿಬಿಡುತ್ತಿತ್ತು.
ತಿಂಗಳ ಸಭೆಯಲ್ಲಿ ತೆರೆದು ನೋಡಿದರೆ
ಹೆಸರಿನ ಕಾಲಮ್ಮಿನಲ್ಲಿ ಬರೀ ‘ಮುನಿ’,
ಉಳಿತಾಯದ ಕಾಲಮ್ಮಿನಲ್ಲಿ ‘ರತ್ನಮ್ಮ’.
‘ಸರಿಯಾಗೇ ಇದೆ ಬಿಡೇ’ ಅಂದಳು ಮುನಿರತ್ನಮ್ಮ,
‘ಮನೇಲಿ ಇರೋದು ಮುನಿಸು, ಸಂಘದಲ್ಲಿ ಇಟ್ಟಿರೋದೇ ರತ್ನ.’
ಎಲ್ಲರೂ ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎದ್ದು ಸೆಟ್ಟಿಂಗ್ಸ್ ಒಳಗೆ ಹೊಕ್ಕೆ,
ಬೇರೆಯವರ ಅಡುಗೆಮನೆಗೆ ಹೊಕ್ಕ ಹಾಗೆ
ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತ.
ಭಾಷೆ ಕನ್ನಡ ಮಾಡಿದೆ. ‘ಸ್ಪರ್ಶಫಲಕ’ ಅಂತ ಬಂತು.
ಬೆಂಕಿಪೆಟ್ಟಿಗೆಯಗಲದ ಜಾಗಕ್ಕೆ ಎಂಥ ರಾಜಗಾಂಭೀರ್ಯ!
ಟೈಪು ಮಾಡುವಾಗ ಸ್ಪರ್ಶ ಬೇಡ: ಹೌದು.
ಒಂದೇ ಕೀಲಿ ಬೆನ್ನುಬೆನ್ನಿಗೆ ಬಿದ್ದರೆ ಎರಡನೆಯದನ್ನು ಬಿಡು: ಹೌದು, ಬಿಡು.
ಅಕ್ಷರ ದೊಡ್ಡದು. ಬೆಳಕು ಅರ್ಧ,
ಪಕ್ಕದಲ್ಲಿ ಮಗು ಮಲಗಿದೆ.
ಮುಚ್ಚಳ ಮುಚ್ಚಿದಾಗ ಏನು ಮಾಡಲಿ ಎಂದು ಕೇಳಿತು.
ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.
‘ನಿದ್ರಿಸು’ ಅಂತ ಇತ್ತು, ಅದನ್ನೇ ಆರಿಸಿದೆ.

ಕೊನೆಗೆ ಸಿಕ್ಕಿತು: ಸಂವೇದನೆ.
ಒಂದು ಗೆರೆ, ಈ ತುದಿ ಕಡಿಮೆ, ಆ ತುದಿ ಹೆಚ್ಚು,
ನಡುವೆ ಜಾರುವ ಒಂದು ಗುಂಡು.
ಹೀಗೂ ಉಂಟೇ? ಯಂತ್ರಕ್ಕೆ ಹೇಳಬಹುದೇ,
ನನ್ನ ಕೈ ಬದಲಾಗಲಾರದು, ನೀನೇ ಸ್ವಲ್ಪ ಮೆತ್ತಗಾಗು ಅಂತ?
ಪೂರಾ ಆ ತುದಿಗೆ ತಳ್ಳಿದೆ. ತಳ್ಳಿದ್ದೇ ತಡ
ಬೆವರಿನ ಒಂದು ಹನಿ ಬಿದ್ದು
ಬಾಣ ಬೆಚ್ಚಿ ಪರದೆಯಾಚೆ ಓಡಿತು.
ಅಷ್ಟೂ ಒಳ್ಳೆಯದಲ್ಲ, ಅದು ಬದುಕಲಾರದು.
ಕೂದಲೆಳೆಯಷ್ಟು ಹಿಂದಕ್ಕೆ ತಂದೆ. ಇನ್ನೂ ಕೂದಲೆಳೆ.
ರೇಷ್ಮೆಯ ಎಳೆ ಹರಿಯದ ಹಾಗೆ ಬಿಗಿ ನೋಡುವುದು
ನನಗೇನು ಹೊಸತೇ.
ಬಲಗೈ ತೋರುಬೆರಳಿಟ್ಟೆ, ಉಸಿರು ಹಿಡಿದು.
ಬಂತು. ಕರೆದರೆ ಓಗೊಡುವ ಕರುವಿನ ಹಾಗೆ
ಬಾಣ ಹಿಂದೆ ಹಿಂದೆ ಬಂತು.

ಮೊನ್ನೆ ಜಬೀನ ಬಂದಿದ್ದಳು. ಬೆರಳಿಟ್ಟದ್ದೇ
‘ಅಲ್ಲಾ, ಏನಕ್ಕ ಇದು, ನಿಲ್ಲೋದೇ ಇಲ್ಲ!
ಮೊದಲಿನ ಹಾಗೆ ಮಾಡಿಕೊಡಲಾ?’ ಅಂದಳು.
ಬೇಡವ್ವ, ಅಂದೆ.
ಚಹಾ ಕುಡಿದು ಹೋದಳು.

ಕಿರುಬೆರಳಿಗೆ ಈಗ ಹಳೆಯ ಬಿಡುವು.
ಸೋಮವಾರ ಲೆಕ್ಕವೆಲ್ಲ ಏರಿಸಿ,
ಎಂಟುಗಳನ್ನು ಇನ್ನೊಮ್ಮೆ ಎಣಿಸಿ ನೋಡಿ,
‘ಉಳಿಸು’ ಎಂಬುದನ್ನು ಮಾತ್ರ
ಅದರ ಕೈಯಲ್ಲೇ ಒತ್ತಿಸುತ್ತೇನೆ.